ವಿಚ್ಛೇದನ, ಮಾರ್ಗರಿನ್ ಮತ್ತು ಮದರಾಸಿನ ಮಳೆ

(ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತರಾದ ಚಿಕ್ಕಮ್ಮ, ಪತ್ರಿಕೆಯ ಭಾನುವಾರದ ಪುರವಣಿಗೆ ‘ಏನಾದರೂ ಹಗುರವಾದದ್ದು’ ಬರೆದುಕೊಡಬೇಕಾದ ಹುಡುಗ.)

ಹುಡುಗ: ಚಿಕ್ಕಮ್ಮ, ಇದನ್ನು ಕೇಳಿ. ಅಮೆರಿಕದ ಮೇನ್ ರಾಜ್ಯದಲ್ಲಿ 2000ದಿಂದ 2009ರವರೆಗೆ ವಿಚ್ಛೇದನದ ಪ್ರಮಾಣ ಇಳಿಯುತ್ತಾ ಬಂತು. ಅದೇ ಹತ್ತು ವರ್ಷದಲ್ಲಿ ಅಮೆರಿಕನ್ನರು ತಲಾ ತಿನ್ನುವ ಮಾರ್ಗರಿನ್ ಕೂಡ ಇಳಿಯುತ್ತಾ ಬಂತು. ಎರಡನ್ನೂ ಒಂದೇ ಚಿತ್ರದಲ್ಲಿ ಬರೆದರೆ ವಿಚ್ಛೇದನವೇ ಇಲ್ಲದ ಜೋಡಿ. ಸಹಸಂಬಂಧ ಗುಣಾಂಕ 0.99, ಒಂದು ಬಂದಿದ್ದರೆ ಪೂರ್ತಿ ಹೊಂದಾಣಿಕೆ!

ಚಿಕ್ಕಮ್ಮ: ಮಾರ್ಗರಿನ್ ಅಂದರೆ ಬೆಣ್ಣೆಗೆ ಬದಲು ಬ್ರೆಡ್ಡಿಗೆ ಸವರೋದಲ್ವಾ? ನಮ್ಮ ಡಾಲ್ಡಾದ ದಾಯಾದಿ. ಯಾರು ಹುಡುಕಿದ್ದು ಇದನ್ನು?

ಹುಡುಗ: ಟೈಲರ್ ವಿಗನ್ ಅಂತ. 2014ರಲ್ಲಿ ಹಾರ್ವರ್ಡ್‌ನಲ್ಲಿ ಕಾನೂನು ಓದುತ್ತಿದ್ದಾಗ ಇಂಥವನ್ನು ರಾಶಿರಾಶಿ ಹೊರತೆಗೆದ. ಮರುವರ್ಷ ಪುಸ್ತಕವೂ ಆಯಿತು. ಗಿಣ್ಣು ತಿನ್ನುವ ಪ್ರಮಾಣಕ್ಕೂ ಹಾಸಿಗೆಯ ಹೊದಿಕೆಗೆ ಸಿಕ್ಕಿಕೊಂಡು ಸತ್ತವರ ಸಂಖ್ಯೆಗೂ ನಂಟು. ನಟ ನಿಕೊಲಸ್ ಕೇಜ್ ವರ್ಷಕ್ಕೆ ಎಷ್ಟು ಸಿನಿಮಾ ಮಾಡಿದ ಅನ್ನುವುದಕ್ಕೂ ಈಜುಕೊಳಕ್ಕೆ ಬಿದ್ದು ಮುಳುಗಿದವರ ಸಂಖ್ಯೆಗೂ ನಂಟು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅಂತಾರಲ್ಲ, ಅದಕ್ಕೆ ಅಂಕಿಅಂಶದ ಸಾಕ್ಷಿ! ಇದನ್ನೇ ಬರೆದುಬಿಡುತ್ತೇನೆ. ಓದಿದವರು ನಗುತ್ತಾರೆ, ಅಷ್ಟು ಸಾಕು.

ಚಿಕ್ಕಮ್ಮ: ನಗಲಿ. ಆದರೆ ಒಂದು ಕೇಳುತ್ತೇನೆ. ಮಾರ್ಗರಿನ್ನಿಗೂ ವಿಚ್ಛೇದನಕ್ಕೂ ಏನೋ ಸಂಬಂಧ ಇರಬಹುದು ಅಂತ ಅವನಿಗೆ ಮೊದಲೇ ಅನ್ನಿಸಿತ್ತಾ?

ಹುಡುಗ: ಇಲ್ಲ. ಸರ್ಕಾರಿ ಅಂಕಿಅಂಶಗಳ ಪಟ್ಟಿಗಳನ್ನು ಕಂಪ್ಯೂಟರಿಗೆ ತುಂಬಿ, ಎಲ್ಲವನ್ನೂ ಎಲ್ಲದರ ಜೊತೆ ತಾಳೆ ನೋಡುವುದಕ್ಕೆ ಬಿಟ್ಟ. ಹೊಂದಿದ್ದನ್ನು ಅದು ಎತ್ತಿಕೊಟ್ಟಿತು.

ಚಿಕ್ಕಮ್ಮ: ಹಾಗಾದರೆ ಲೆಕ್ಕ ಮಾಡು. ಒಂದು ಸಾವಿರ ಪಟ್ಟಿಗಳಿದ್ದರೆ ಎರಡೆರಡಾಗಿ ಎಷ್ಟು ಜೋಡಿ ಆಗುತ್ತದೆ?

ಹುಡುಗ: ಸಾವಿರವನ್ನು 999ರಿಂದ ಗುಣಿಸಿ ಅರ್ಧ ಮಾಡಿದರೆ... 4,99,500.

ಚಿಕ್ಕಮ್ಮ: ಸಾವಿರಕ್ಕೊಮ್ಮೆ ಮಾತ್ರ ನಡೆಯುವಂಥ ಅದೃಷ್ಟವೂ ಅಲ್ಲಿ ಐನೂರು ಸಲ ನಡೆಯುತ್ತದೆ. ನಿನ್ನ ಕೈಗೆ ಬಂದಿರುವುದು ಆ ಐನೂರರಲ್ಲಿ ಹತ್ತೋ ಇಪ್ಪತ್ತೋ. ಉಳಿದ ನಾಲ್ಕು ಮುಕ್ಕಾಲು ಲಕ್ಷಕ್ಕೂ ಮೇಲ್ಪಟ್ಟ ಜೋಡಿಗಳು ಹೊಂದಲಿಲ್ಲ ಅಂತ ಯಾವ ಚಿತ್ರದ ಕೆಳಗೂ ಬರೆದಿರುವುದಿಲ್ಲ. 0.99 ಸುಳ್ಳು ಸಂಖ್ಯೆಯಲ್ಲ ಕಣೋ, ಸರಿಯಾದ ಲೆಕ್ಕವೇ. ಅದನ್ನು ಹುಡುಕಲು ಎಷ್ಟನ್ನು ಕೈಬಿಟ್ಟರು ಅನ್ನುವುದು ಮಾತ್ರ ಆ ಸಂಖ್ಯೆಯೊಳಗೆ ಇಲ್ಲ.

ಹುಡುಗ: ಆದರೂ ಹತ್ತು ವರ್ಷ ಸತತವಾಗಿ ಹೊಂದಿಕೊಂಡು ಹೋಗುವುದು ಅಂದರೆ ಸಾಮಾನ್ಯವಾ?

ಚಿಕ್ಕಮ್ಮ: ತೀರಾ ಸಾಮಾನ್ಯ. ಹೇಳು, 1995ರಿಂದ ಈಚೆಗೆ ನಮ್ಮಲ್ಲಿ ಏನೇನು ಏರಿದೆ? ಮೊಬೈಲ್ ಸಂಪರ್ಕ ಏರಿದೆ, ಬೆಂಗಳೂರಿನ ಜನಸಂಖ್ಯೆ ಏರಿದೆ, ಚಿನ್ನದ ಬೆಲೆ ಏರಿದೆ. ಯಾವ ಎರಡನ್ನು ಹಿಡಿದು ಗುಣಾಂಕ ತೆಗೆದರೂ ಒಂದರ ಹತ್ತಿರವೇ ಬರುತ್ತದೆ. ಏರುವುದೆಲ್ಲ ಏರುವುದರ ಜೊತೆ ಹೊಂದುತ್ತದೆ, ಇಳಿಯುವುದೆಲ್ಲ ಇಳಿಯುವುದರ ಜೊತೆ. ಹತ್ತು ವರ್ಷದ ಪಟ್ಟಿಯಲ್ಲಿ ಹತ್ತು ಸ್ವತಂತ್ರ ಸಾಕ್ಷಿಗಳಿವೆ ಅಂದುಕೊಳ್ಳುತ್ತೇವೆ. ಈ ವರ್ಷದ ಸಂಖ್ಯೆ ಹೋದ ವರ್ಷದ್ದಕ್ಕೆ ಅಂಟಿಕೊಂಡೇ ಇರುವುದರಿಂದ, ಆ ಹತ್ತೂ ಹೆಚ್ಚುಕಮ್ಮಿ ಒಬ್ಬನೇ ಸಾಕ್ಷಿ ಹತ್ತು ಸಲ ಹೇಳಿದ ಮಾತು.

ಹುಡುಗ: ಇದು ಗೊತ್ತಾಗಿ ಎಷ್ಟು ಕಾಲವಾಯಿತು?

ಚಿಕ್ಕಮ್ಮ: ನೂರು ವರ್ಷ. ಕೇಂಬ್ರಿಜ್‌ನಲ್ಲಿ ಉಡ್ನಿ ಯೂಲ್ ಅಂತ ಸಂಖ್ಯಾಶಾಸ್ತ್ರಜ್ಞರೊಬ್ಬರು ಇದ್ದರು. 1926ರಲ್ಲಿ ಅವರು ಅಚ್ಚು ಮಾಡಿದ ಪ್ರಬಂಧದ ವಿಷಯವೇ ಇದು: ಕಾಲದ ಜೊತೆ ಸಾಗುವ ಪಟ್ಟಿಗಳ ನಡುವೆ ಅರ್ಥವಿಲ್ಲದ ನಂಟು ಯಾಕೆ ಕಾಣುತ್ತದೆ? ಇಂಗ್ಲೆಂಡಿನಲ್ಲಿ 1866ರಿಂದ 1911ರವರೆಗೆ ಒಟ್ಟು ಮದುವೆಗಳಲ್ಲಿ ಆಂಗ್ಲಿಕನ್ ಚರ್ಚಿನಲ್ಲಿ ನಡೆದವುಗಳ ಪಾಲು ಕಡಿಮೆಯಾಗುತ್ತಾ ಬಂತು. ಅದೇ ಕಾಲದಲ್ಲಿ ಸಾವಿನ ಪ್ರಮಾಣವೂ ಕಡಿಮೆಯಾಯಿತು. ಗುಣಾಂಕ 0.95. ಚರ್ಚಿನಲ್ಲಿ ಮದುವೆಯಾಗುವುದು ನಿಂತರೆ ಯಾರೂ ಸಾಯುವುದಿಲ್ಲ ಅಂತಾಯಿತಲ್ಲ! ಅದಕ್ಕೂ ಮುಂಚೆ, 1897ರಲ್ಲೇ, ಕಾರ್ಲ್ ಪಿಯರ್ಸನ್ ಇನ್ನೊಂದು ಬಗೆಯ ಹುಸಿ ನಂಟನ್ನು ತೋರಿಸಿದ್ದರು. ಸಂಬಂಧವೇ ಇಲ್ಲದ ಎರಡು ಅಳತೆಗಳನ್ನು ಮೂರನೆಯ ಒಂದೇ ಅಳತೆಯಿಂದ ಭಾಗಿಸಿದರೆ, ಬಂದ ಎರಡು ಭಾಗಲಬ್ಧಗಳ ನಡುವೆ ನಂಟು ಹುಟ್ಟಿಕೊಳ್ಳುತ್ತದೆ. ಗುಣಾಂಕ ತೆಗೆಯುವ ಸೂತ್ರ ಕೊಟ್ಟವರೇ ಅದರ ಮೋಸವನ್ನೂ ಹೇಳಿಟ್ಟರು.

ಹುಡುಗ: ಮೂರನೆಯದು ಅಂದಿರಿ, ನೆನಪಾಯಿತು. ಕೊಕ್ಕರೆಗಳದ್ದೂ ಒಂದಿದೆ. ಯುರೋಪಿನ 17 ದೇಶಗಳಲ್ಲಿ ಕೊಕ್ಕರೆ ಜೋಡಿಗಳ ಸಂಖ್ಯೆಗೂ ಹುಟ್ಟುವ ಮಕ್ಕಳ ಸಂಖ್ಯೆಗೂ 0.62ರ ನಂಟಿದೆ ಅಂತ ರಾಬರ್ಟ್ ಮ್ಯಾಥ್ಯೂಸ್ ಅನ್ನುವವರು 2000ದಲ್ಲಿ ತೋರಿಸಿದ್ದಾರೆ. ಅಲ್ಲಿ ಮಕ್ಕಳು ಎಲ್ಲಿಂದ ಬರುತ್ತಾರೆ ಅಂತ ಕೇಳಿದರೆ ಕೊಕ್ಕರೆ ತಂದುಕೊಡುತ್ತದೆ ಅನ್ನುತ್ತಾರಂತೆ.

ಚಿಕ್ಕಮ್ಮ: ದೇಶ ದೊಡ್ಡದಾದರೆ ಕೊಕ್ಕರೆಗೂ ಜಾಗ ಹೆಚ್ಚು, ಮನುಷ್ಯರಿಗೂ ಜಾಗ ಹೆಚ್ಚು. ಅಷ್ಟೇ. ಆ ಕೊಕ್ಕರೆಯನ್ನು ಇಟ್ಟುಕೊಂಡಿರು, ಆಮೇಲೆ ಬೇಕಾಗುತ್ತದೆ. ಈಗ ಮಾರ್ಗರಿನ್ನಿಗೆ ಬಾ. ಅದರಿಂದ ವಿಚ್ಛೇದನ ಯಾಕೆ ಆಗುತ್ತದೆ, ನೀನೇ ಒಂದು ಕಾರಣ ಕಟ್ಟು ನೋಡೋಣ.

ಹುಡುಗ: ಕಾಸು ಸಾಲದ ಮನೆಯಲ್ಲಿ ಬೆಣ್ಣೆ ಬಿಟ್ಟು ಮಾರ್ಗರಿನ್ ತರುತ್ತಾರೆ. ಕಾಸು ಸಾಲದ ಮನೆಯಲ್ಲಿ ಜಗಳ ಜಾಸ್ತಿ. ಜಗಳ ಜಾಸ್ತಿಯಾದರೆ ಕೋರ್ಟು. ಅರೆ, ಇದು ನಿಜವಾಗಿಯೂ ಇರಬಹುದೇನೋ!

ಚಿಕ್ಕಮ್ಮ: ಗುಣಾಂಕ ಮೈನಸ್ ಆಗಿದ್ದಿದ್ದರೆ? ಮಾರ್ಗರಿನ್ ಇಳಿದಾಗ ವಿಚ್ಛೇದನ ಏರಿದ್ದಿದ್ದರೆ?

ಹುಡುಗ: ಕೈಯಲ್ಲಿ ದುಡ್ಡು ಓಡಾಡಿದರೆ ಬೆಣ್ಣೆ ಕೊಳ್ಳುತ್ತಾರೆ, ವಕೀಲರಿಗೆ ಶುಲ್ಕ ಕೊಡುವುದಕ್ಕೂ ಆಗುತ್ತದೆ...

ಚಿಕ್ಕಮ್ಮ: ಒಂದು ನಿಮಿಷ ಹಿಡಿಯಿತಾ? ‘ಕಾರಣ ವಿವರಿಸುವುದಕ್ಕೆ ಆಗುತ್ತದೆ, ಆದ್ದರಿಂದ ನಂಟು ನಿಜ’ ಅನ್ನುವ ವಾದಕ್ಕೆ ಬೆಲೆಯಿಲ್ಲ ಅನ್ನುವುದು ಅದಕ್ಕೇ. ನೀನು ನಗುವ ಉದಾಹರಣೆಗಳಿಂದ ಯಾರಿಗೂ ತೊಂದರೆಯಿಲ್ಲ, ಅವನ್ನು ಯಾರೂ ನಂಬುವುದಿಲ್ಲ. ನಂಬಬಹುದು ಅನ್ನಿಸುವಂಥವು ಬೇರೆ ಇವೆ. ಅಂಥದ್ದೊಂದು ನಮ್ಮ ಮುತ್ತಜ್ಜಂದಿರ ಹಸಿವಿನ ಸುತ್ತಲೇ ಕಟ್ಟಿದ್ದು. ಧಾತು ಈಶ್ವರ ಬರದ ಹೆಸರು ಕೇಳಿದ್ದೀಯಲ್ಲ?

ಹುಡುಗ: ಅಜ್ಜಿ ಹೇಳುತ್ತಿದ್ದರು. ಧಾತು, ಈಶ್ವರ ಅನ್ನುವುದು ಸಂವತ್ಸರಗಳ ಹೆಸರು. 1876ರಿಂದ 78.

ಚಿಕ್ಕಮ್ಮ: 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷಕ್ಕೂ ಹೆಚ್ಚು ಜನ. 1881ರಲ್ಲಿ ಎಣಿಸಿದಾಗ 42 ಲಕ್ಷ ಮುಟ್ಟಲಿಲ್ಲ. ಮದರಾಸು ಪ್ರಾಂತದಲ್ಲಿ, ಬಳ್ಳಾರಿಯ ಕಡೆ, ಮುಂಬಯಿ ಪ್ರಾಂತದ ಧಾರವಾಡ, ಕಲಾದಗಿ ಕಡೆ ಇದೇ ಗತಿ. ಇದು ನಡೆಯುತ್ತಿರುವಾಗಲೇ, 1877ರಲ್ಲಿ, ಸರ್ ವಿಲಿಯಂ ವಿಲ್ಸನ್ ಹಂಟರ್ ಒಂದು ಸಿದ್ಧಾಂತ ಮುಂದಿಟ್ಟ. ಅವನು ಭಾರತ ಸರ್ಕಾರದ ಸಂಖ್ಯಾಶಾಸ್ತ್ರದ ಮಹಾನಿರ್ದೇಶಕ, ಗೆಜೆಟಿಯರುಗಳ ಹಂಟರ್. ಅವನ ಜೊತೆಗೆ ನಾರ್ಮನ್ ಲಾಕಿಯರ್, ಸೂರ್ಯನ ಬೆಳಕಿನಲ್ಲಿ ಹೀಲಿಯಂ ಗುರುತಿಸಿದವನು, ‘ನೇಚರ್’ ಪತ್ರಿಕೆಯ ಮೊದಲ ಸಂಪಾದಕ. ಇಬ್ಬರೂ ಸಾಮಾನ್ಯರಲ್ಲ. ಇಬ್ಬರೂ ಸೇರಿ ಹೇಳಿದ್ದು: ಸೂರ್ಯನ ಮೇಲಿನ ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಾಗಿ ಕಡಿಮೆಯಾಗುತ್ತವೆ, ಕಲೆಗಳು ಕಡಿಮೆಯಾದ ವರ್ಷಗಳಲ್ಲಿ ಮದರಾಸಿನ ಮಳೆಯೂ ಕಡಿಮೆ, ದಕ್ಷಿಣ ಭಾರತದ ಬರಕ್ಕೆ ಸೂರ್ಯನೇ ಕಾರಣ.

ಹುಡುಗ: ಮಳೆಗೆ ಸೂರ್ಯ ಕಾರಣ ಅನ್ನುವುದು ಸರಿಯಾಗಿಯೇ ಇದೆಯಲ್ಲ. ಸಮುದ್ರದ ನೀರನ್ನು ಆವಿ ಮಾಡುವವನು ಅವನೇ.

ಚಿಕ್ಕಮ್ಮ: ನೋಡು, ನೀನೂ ಬಿದ್ದೆ! ಅದಕ್ಕೇ ಅದು ನಂಬುವಂತಿತ್ತು. ಮಾರ್ಗರಿನ್ನಿಗೆ ಕಾರಣ ಕಟ್ಟಲು ನಿನಗೆ ಒಂದು ನಿಮಿಷ ಬೇಕಾಯಿತು, ಇದಕ್ಕೆ ಅದೂ ಬೇಡ. ಈಗ ಸಾಕ್ಷ್ಯ ನೋಡು. ಹಂಟರನ ಕೈಯಲ್ಲಿದ್ದದ್ದು ಮದರಾಸು ವೇಧಶಾಲೆಯ ಮಳೆ ಲೆಕ್ಕ, 1813ರಿಂದ 1876ರವರೆಗೆ. ಅರವತ್ನಾಲ್ಕು ವರ್ಷ ದೊಡ್ಡದಾಗಿ ಕೇಳಿಸುತ್ತದೆ. ಆದರೆ 11 ವರ್ಷದ ಆವರ್ತದ ಲೆಕ್ಕದಲ್ಲಿ ಆರು ಸುತ್ತೂ ಪೂರ್ತಿಯಾಗುವುದಿಲ್ಲ. ಅಂದರೆ ನಿಜವಾದ ಸಾಕ್ಷಿ ಐದಾರು. ಜೊತೆಗೆ, ‘ಕಲೆಗಳು ಕನಿಷ್ಠವಾದ ವರ್ಷದ ಆಸುಪಾಸು’ ಅಂತ ಎರಡು ವರ್ಷ ಹಿಂದೆ, ಎರಡು ವರ್ಷ ಮುಂದೆ ಸಡಿಲ ಬಿಟ್ಟರೆ, ಹನ್ನೊಂದರಲ್ಲಿ ಐದು ವರ್ಷ ಅದರೊಳಗೇ ಬಂದುಬಿಡುತ್ತವೆ. ಕಣ್ಣು ಮುಚ್ಚಿ ಬರದ ವರ್ಷ ಹೆಸರಿಸಿದರೂ ಅರ್ಧಕ್ಕರ್ಧ ಸರಿಹೋಗುತ್ತದೆ. 1876ರಲ್ಲಿ ಮಳೆ ಕೈಕೊಟ್ಟಿತು, ಕಲೆಗಳು ಕನಿಷ್ಠಕ್ಕೆ ಬಂದದ್ದು 1878ರ ಕೊನೆಗೆ. ಇನ್ನೊಂದು, ಮದರಾಸು ನಗರಕ್ಕೆ ಹೆಚ್ಚು ಮಳೆ ಬರುವುದು ಹಿಂಗಾರಿನಲ್ಲಿ, ಅಕ್ಟೋಬರಿನಿಂದ ಡಿಸೆಂಬರಿಗೆ. ನಮ್ಮ ಬಯಲುಸೀಮೆಯ ರಾಗಿ, ಜೋಳ ಕಾಯುವುದು ಅದೊಂದನ್ನೇ ಅಲ್ಲ. ಒಂದು ಊರಿನ ಮಳೆಮಾಪಕದಿಂದ ಇಡೀ ದಕ್ಷಿಣದ ಹಣೆಬರಹ ಓದಿದ್ದರು.

ಹುಡುಗ: ಆಗ ಯಾರೂ ಪ್ರಶ್ನಿಸಲಿಲ್ಲವಾ?

ಚಿಕ್ಕಮ್ಮ: ಆ ವರ್ಷವೇ ಪ್ರಶ್ನಿಸಿದರು. ರಿಚರ್ಡ್ ಸ್ಟ್ರೇಚಿ ಅನ್ನುವ ಸೇನಾ ಎಂಜಿನಿಯರ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಇದೇ ಮದರಾಸಿನ ಅಂಕಿಗಳನ್ನು ಇಟ್ಟುಕೊಂಡು ಒಂದು ಸರಳ ಪರೀಕ್ಷೆ ಮಾಡಿದ. ಸೌರಕಲೆಯ ಆವರ್ತ ನೋಡಿ ಪ್ರತಿವರ್ಷದ ಮಳೆ ಊಹಿಸಿದರೆ ಎಷ್ಟು ತಪ್ಪುತ್ತೇವೆ? ಆವರ್ತವೇ ಬೇಡ ಅಂತ ಪ್ರತಿವರ್ಷಕ್ಕೂ ಸರಾಸರಿ ಮಳೆಯನ್ನೇ ಊಹಿಸಿದರೆ ಎಷ್ಟು ತಪ್ಪುತ್ತೇವೆ? ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಮುಂದೆ ಕ್ಷಾಮ ಆಯೋಗಕ್ಕೆ ಅಧ್ಯಕ್ಷನಾದವನೂ ಇವನೇ.

ಹುಡುಗ: ಸೂರ್ಯನ ಮೇಲೆ ಹಾಕಿದರೆ ಸರ್ಕಾರಕ್ಕೂ ಅನುಕೂಲ.

ಚಿಕ್ಕಮ್ಮ: ಹಂಟರ್ ಆ ಉದ್ದೇಶದಿಂದಲೇ ಬರೆದ ಅಂತ ನಾನು ಹೇಳುವುದಿಲ್ಲ. ಮುನ್ಸೂಚನೆ ಸಿಕ್ಕಿದರೆ ಜನ ಉಳಿಯುತ್ತಾರೆ ಅನ್ನುವ ಆಸೆಯೂ ಆ ಕಾಲದವರಿಗೆ ಇತ್ತು. ಆದರೆ ಸುತ್ತಮುತ್ತ ಏನು ನಡೆಯುತ್ತಿತ್ತು ನೋಡು. 1877ರ ಜನವರಿ 1ಕ್ಕೆ ವೈಸರಾಯ್ ಲಿಟ್ಟನ್ ದಿಲ್ಲಿಯಲ್ಲಿ ದರ್ಬಾರು ನಡೆಸಿ ವಿಕ್ಟೋರಿಯಾಳನ್ನು ಚಕ್ರವರ್ತಿನಿ ಅಂತ ಸಾರಿದ. ದೇಶದಿಂದ ಧಾನ್ಯ ಹಡಗು ಹತ್ತುವುದು ನಿಲ್ಲಲಿಲ್ಲ. ಕಾಮಗಾರಿಗೆ ಬಂದ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಅರ್ಧ ಕಿಲೋಗೂ ಕಡಿಮೆ ಧಾನ್ಯದ ಲೆಕ್ಕದಲ್ಲಿ ಕೂಲಿ ಇಳಿಸಿದವನು ಸರ್ ರಿಚರ್ಡ್ ಟೆಂಪಲ್. ಮಳೆ ಯಾಕೆ ಬರಲಿಲ್ಲ ಅನ್ನುವುದು ಒಂದು ಪ್ರಶ್ನೆ, ಜನ ಯಾಕೆ ಸತ್ತರು ಅನ್ನುವುದು ಇನ್ನೊಂದು. ಸೌರಕಲೆಯ ವಾದ ಎರಡನೆಯದನ್ನು ಮೊದಲನೆಯದರೊಳಗೆ ಮುಳುಗಿಸಿಬಿಟ್ಟಿತು.

ಹುಡುಗ: ಆ ವಾದ ಎಷ್ಟು ವರ್ಷ ಬಾಳಿತು?

ಚಿಕ್ಕಮ್ಮ: ಎಲ್ಲೆಲ್ಲೋ ಚಿಗುರುತ್ತಲೇ ಇತ್ತು. ಜೆವನ್ಸ್ ಅನ್ನುವ ದೊಡ್ಡ ಅರ್ಥಶಾಸ್ತ್ರಜ್ಞ, ಇಂಗ್ಲೆಂಡಿನ ವಾಣಿಜ್ಯ ಬಿಕ್ಕಟ್ಟುಗಳಿಗೂ ಸೌರಕಲೆಯೇ ಕಾರಣ ಅಂತ 1878ರಲ್ಲಿ ಬರೆದ. ಕಲೆ ಕಡಿಮೆಯಾದರೆ ಭಾರತದಲ್ಲಿ ಬೆಳೆ ಹೋಗುತ್ತದೆ, ಭಾರತೀಯರು ಇಂಗ್ಲೆಂಡಿನ ಬಟ್ಟೆ ಕೊಳ್ಳುವುದಿಲ್ಲ, ಅಲ್ಲಿನ ಕಂಪನಿಗಳು ಮುಳುಗುತ್ತವೆ. ಬಿಕ್ಕಟ್ಟುಗಳ ನಡುವಿನ ಸರಾಸರಿ ಅವಧಿ 10.466 ವರ್ಷ ಅಂತ ಲೆಕ್ಕ ತೆಗೆದ. ಅದಕ್ಕೆ ಹೊಂದಲಿ ಅಂತ ಸೌರಕಲೆಯ ಆವರ್ತವನ್ನು 11 ವರ್ಷ ಬಿಟ್ಟು ಒಬ್ಬ ಖಗೋಳಜ್ಞ ಹೇಳಿದ 10.45 ಅನ್ನು ಹಿಡಿದುಕೊಂಡ. ಮೂರು ದಶಮಾಂಶ ಸ್ಥಾನದವರೆಗಿನ ಹುಸಿ! ಇವತ್ತೂ ಆ ಆವರ್ತದ ಸರಾಸರಿ ಸುಮಾರು 11 ವರ್ಷವೇ. ಮಳೆಯ ವಿಚಾರಕ್ಕೆ ಬಂದರೆ, 1918ರ ಘೋರ ಬರ ಬಂದದ್ದು ಕಲೆಗಳು ಗರಿಷ್ಠವಾದ ಮರುವರ್ಷ. 2002ರ ಬರವೂ ಗರಿಷ್ಠದ ಹತ್ತಿರವೇ.

ಹುಡುಗ: ಒಟ್ಟಿನಲ್ಲಿ ದಂಡ.

ಚಿಕ್ಕಮ್ಮ: ಪೂರ್ತಿ ದಂಡ ಅನ್ನಬೇಡ. ಮಳೆ ತಿಳಿಯಬೇಕಾದರೆ ಸೂರ್ಯನನ್ನು ನೋಡುತ್ತಿರಬೇಕು ಅನ್ನುವ ಆ ಕಾಲದ ಹಟದಿಂದಲೇ 1899ರಲ್ಲಿ ಕೊಡೈಕನಾಲಿನಲ್ಲಿ ಸೌರ ವೇಧಶಾಲೆ ಬಂತು. ಮಳೆಯ ಗುಟ್ಟು ಸಿಗಲಿಲ್ಲ. ಆದರೆ ಅಲ್ಲಿ ಕೂತು ಜಾನ್ ಎವರ್ಶೆಡ್ ಸೌರಕಲೆಯೊಳಗೆ ಅನಿಲ ಹೊರಮುಖವಾಗಿ ಹರಿಯುವುದನ್ನು 1909ರಲ್ಲಿ ಕಂಡುಹಿಡಿದ. ಈಗ ಅದನ್ನು ನಡೆಸುವುದು ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಹುಸಿ ನಂಟಿನ ಬೆನ್ನು ಹತ್ತಿ ಹೋದವರಿಗೆ ಬೇರೇನೋ ನಿಜ ಸಿಕ್ಕಿತು. ಇದಕ್ಕಿಂತ ಸ್ವಾರಸ್ಯದ ಕತೆ ಗಿಲ್ಬರ್ಟ್ ವಾಕರ್‌ದು. ಕೇಳುತ್ತೀಯಾ, ಕಾಫಿ ಮಾಡಲಾ?

ಹುಡುಗ: ಎರಡೂ.

ಚಿಕ್ಕಮ್ಮ: ಕತೆ ಮೊದಲು. 1899ರಲ್ಲಿ ಹವಾಮಾನ ಇಲಾಖೆ ಒಳ್ಳೆಯ ಮುಂಗಾರು ಅಂತ ಹೇಳಿತು, ಬಂದದ್ದು ಭಯಂಕರ ಬರ. ಮರ್ಯಾದೆ ಹೋಯಿತು. 1904ರಲ್ಲಿ ಇಲಾಖೆಯ ಮುಖ್ಯಸ್ಥನಾಗಿ ಬಂದ ವಾಕರ್ ಹವಾಮಾನ ಓದಿದವನೇ ಅಲ್ಲ, ಕೇಂಬ್ರಿಜ್‌ನ ಗಣಿತದಲ್ಲಿ ಮೊದಲ ಸ್ಥಾನ ಪಡೆದವನು. ಬೂಮರಾಂಗ್ ಎಸೆಯುವ ಹುಚ್ಚು, ಕೊಳಲಿನ ಹುಚ್ಚು. ಅವನಿಗೆ ಮುಂಗಾರಿನ ಸಿದ್ಧಾಂತ ಗೊತ್ತಿಲ್ಲ. ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಆದ್ದರಿಂದ ಅವನು ಮಾಡಿದ್ದು ನಿನ್ನ ವಿಗನ್ ಮಾಡಿದ್ದನ್ನೇ.

ಹುಡುಗ: ಎಲ್ಲವನ್ನೂ ಎಲ್ಲದರ ಜೊತೆ ತಾಳೆ ಹಾಕುವುದಾ?

ಚಿಕ್ಕಮ್ಮ: ಹೂಂ. ಕಂಪ್ಯೂಟರಿಗೆ ಬದಲು ಭಾರತೀಯ ಗುಮಾಸ್ತರು. ಹಿಮಾಲಯದ ಹಿಮ, ಮಾರಿಷಸ್‌ನ ವಾಯುಭಾರ, ದಕ್ಷಿಣ ಅಮೆರಿಕದ ವಾಯುಭಾರ, ಜಾಂಜಿಬಾರಿನ ಮಳೆ, ಹೀಗೆ ಪ್ರಪಂಚದ ಮೂಲೆಮೂಲೆಯ ಅಂಕಿಗಳನ್ನು ತರಿಸಿ ನಮ್ಮ ಮುಂಗಾರಿನ ಜೊತೆ ಗುಣಾಂಕ ತೆಗೆಸಿದ. ಕೈಬರಹದಲ್ಲಿ, ವರ್ಷಗಟ್ಟಲೆ. ಆದರೆ ವಿಗನ್‌ಗೆ ಬೇಕಾದದ್ದು ನಗು, ವಾಕರ್‌ಗೆ ಬೇಕಾದದ್ದು ಮಳೆ. ಅದಕ್ಕೇ 1914ರಲ್ಲಿ ಅವನು ತನ್ನ ಮೇಲೆ ತಾನೇ ಒಂದು ಕಟ್ಟು ಹಾಕಿಕೊಂಡ. ಒಂದೇ ಒಂದು ನಂಟು ಪರೀಕ್ಷಿಸಿದರೆ ಯಾವ ಗುಣಾಂಕ ದೊಡ್ಡದೋ, ನೂರು ಪರೀಕ್ಷಿಸಿ ಅದರಲ್ಲಿ ಅತಿ ದೊಡ್ಡದನ್ನು ಆರಿಸಿಕೊಂಡರೆ ಅದೇ ಗುಣಾಂಕ ದೊಡ್ಡದಲ್ಲ. ನೂರು ಸಲ ಹುಡುಕಿದವನು ನೂರು ಸಲದ ತೆರಿಗೆ ಕಟ್ಟಬೇಕು. ನಾನು ಆಗಲೇ ಹೇಳಿದ ಐನೂರು ಅದೃಷ್ಟದ ಜೋಡಿಗಳ ಲೆಕ್ಕ ಇದೇ; ವಾಕರ್ ಅದನ್ನು ಕಂಪ್ಯೂಟರ್ ಬರುವ ಮೊದಲೇ ಬರೆದಿಟ್ಟ.

ಹುಡುಗ: ಅಷ್ಟು ಜರಡಿ ಹಿಡಿದ ಮೇಲೆ ಏನು ಉಳಿಯಿತು?

ಚಿಕ್ಕಮ್ಮ: ಒಂದು ದೊಡ್ಡದೇ ಉಳಿಯಿತು. ಪೆಸಿಫಿಕ್ ಸಾಗರದ ಮೇಲೆ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ, ಇಲ್ಲಿ ಏರಿದಾಗ ಅಲ್ಲಿ ಇಳಿಯುತ್ತದೆ. 1924ರಲ್ಲಿ ಅದಕ್ಕೆ ದಕ್ಷಿಣದ ತೂಗಾಟ ಅಂತ ಹೆಸರಿಟ್ಟ. ಯಾಕೆ ಹಾಗೆ ಅಂತ ಹೇಳಲು ಅವನಿಗೆ ಬರಲಿಲ್ಲ. ಕಾರಣ ಗೊತ್ತಿಲ್ಲ ಅಂತ ಬಹಳ ಜನ ಅದನ್ನು ಬದಿಗಿಟ್ಟರು. 1969ರಲ್ಲಿ ಯಾಕೊಬ್ ಬ್ಯರ್ಕ್ನೆಸ್ ಅದನ್ನು ಪೆರುವಿನ ಕರಾವಳಿಯ ಸಮುದ್ರ ಬಿಸಿಯಾಗುವ ಎಲ್ ನಿನೊ ಜೊತೆ ಸೇರಿಸಿ ಸಮುದ್ರ ಮತ್ತು ಗಾಳಿ ಹೇಗೆ ಒಂದನ್ನೊಂದು ತಳ್ಳುತ್ತವೆ ಅಂತ ವಿವರಿಸಿದ. ಇವತ್ತು ಪ್ರತಿ ಬೇಸಿಗೆಯಲ್ಲೂ ಎಲ್ ನಿನೊ ಸುದ್ದಿ ನಿನ್ನ ಪತ್ರಿಕೆಯ ಮುಖಪುಟದಲ್ಲಿರುತ್ತದಲ್ಲ, ಅದರ ಬೇರು ಆ ಗುಮಾಸ್ತರ ಕೈಬರಹದಲ್ಲಿದೆ.

ಹುಡುಗ: ನನಗೆ ಇಲ್ಲೇ ತೊಡಕು. ಸೌರಕಲೆಗೆ ಚೆಂದದ ಕಾರಣ ಇತ್ತು, ಅದು ಹುಸಿ. ವಾಕರ್‌ಗೆ ಕಾರಣವೇ ಗೊತ್ತಿರಲಿಲ್ಲ, ಅದು ನಿಜ. ಹಾಗಾದರೆ ಯಾವುದನ್ನು ನೋಡಿ ನಂಬುವುದು?

ಚಿಕ್ಕಮ್ಮ: ನಂಟು ಕಂಡುಹಿಡಿದ ದಿನ ಇಲ್ಲದಿದ್ದ ಅಂಕಿಗಳನ್ನು ನೋಡಿ. ಬಿದ್ದ ಮಳೆಗೆ ಯಾವ ಸೂತ್ರ ಬೇಕಾದರೂ ಹೊಂದಿಸಬಹುದು, ಇನ್ನೂ ಬೀಳದ ಮಳೆ ಯಾರ ಮಾತನ್ನೂ ಕೇಳುವುದಿಲ್ಲ. ವಾಕರ್‌ನ ತೂಗಾಟ ಅವನ ನಂತರದ ದಶಕಗಳ ಅಂಕಿಗಳಲ್ಲೂ ಕಾಣಿಸಿತು. ಅವನೇ ಮುಂಗಾರಿಗೆ ಹೊಂದಿಸಿದ ಬೇರೆ ಎಷ್ಟೋ ನಂಟುಗಳು ಅವನ ಹಿಂದೆಯೇ ಮಾಯವಾದವು. ಅಷ್ಟು ಕಟ್ಟುನಿಟ್ಟಿನವನಿಗೂ ಈ ಗತಿ. ಮುಂಗಾರನ್ನು ನೋಡಿ ಮುಂದೆ ಬೇರೆಡೆ ಏನಾಗುತ್ತದೆ ಅಂತ ಹೇಳುವುದೇ ಸುಲಭ, ಮುಂಗಾರನ್ನು ಮುಂಚಿತವಾಗಿ ಹೇಳುವುದು ಕಷ್ಟ ಅಂತ ಆಮೇಲೆ ಇಲಾಖೆಯ ಮುಖ್ಯಸ್ಥರಾಗಿದ್ದ ಚಾರ್ಲ್ಸ್ ನಾರ್ಮಂಡ್ 1953ರಲ್ಲಿ ಬರೆದರು.

ಹುಡುಗ: 2002 ಅಂದಿರಲ್ಲ ಆಗ. ಆ ವರ್ಷ ಇಲಾಖೆ ಏನು ಹೇಳಿತ್ತು?

ಚಿಕ್ಕಮ್ಮ: ಸರಾಸರಿಯ ಶೇ 101ರಷ್ಟು ಮಳೆ. ಆದದ್ದು ಶೇ 81. ಜುಲೈ ತಿಂಗಳು ಹೆಚ್ಚುಕಮ್ಮಿ ಅರ್ಧದಷ್ಟು ಕೊರತೆ. 1988ರಿಂದ ಬಳಕೆಯಲ್ಲಿದ್ದ ಸೂತ್ರದಲ್ಲಿ 16 ಸೂಚಕಗಳಿದ್ದವು: ಅಲ್ಲಿನ ತಾಪ, ಇಲ್ಲಿನ ಒತ್ತಡ, ಇನ್ನೆಲ್ಲಿಯದೋ ಹಿಮ. ಹಿಂದಿನ ವರ್ಷಗಳಿಗೆ ಹೊಂದಿಸಿ ಕಟ್ಟಿದ್ದು. ಹದಿನಾಲ್ಕು ವರ್ಷ ಮರ್ಯಾದೆ ಉಳಿಸಿತು, ಯಾಕೆಂದರೆ ಆ ಕಾಲದಲ್ಲಿ ದೊಡ್ಡ ಬರವೇ ಬರಲಿಲ್ಲ. ಬಂದ ದಿನ ಕೈಬಿಟ್ಟಿತು. ಅಷ್ಟರಲ್ಲಿ ಹಲವು ಸೂಚಕಗಳಿಗೆ ಮಳೆಯ ಜೊತೆಗಿನ ನಂಟು ಸಡಿಲವಾಗಿತ್ತು. 2003ರಲ್ಲಿ ಸೂತ್ರ ಬದಲಾಯಿಸಿದರು. ಎಲ್ ನಿನೊವನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ: 1997ರಲ್ಲಿ ಶತಮಾನದ ಅತಿ ಬಲಿಷ್ಠ ಎಲ್ ನಿನೊಗಳಲ್ಲಿ ಒಂದು ಬಂತು, ನಮ್ಮ ಮುಂಗಾರಿಗೆ ಏನೂ ಆಗಲಿಲ್ಲ. ಯಾಕೆ ಅಂತ ಹುಡುಕಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮುಖ್ಯರು. ಹಿಂದೂ ಮಹಾಸಾಗರದ ಸಮಭಾಜಕದ ಮೇಲಿನ ಮೋಡಗಳ ಇನ್ನೊಂದು ತೂಗಾಟವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ 1997 ಮತ್ತು 2002 ಎರಡೂ ಅರ್ಥವಾಗುತ್ತವೆ ಅಂತ ಅವರು ಮತ್ತು ಸಂಗಡಿಗರು ತೋರಿಸಿದರು.

ಹುಡುಗ: ಹಾಗಾದರೆ ನಮ್ಮ ಮಳೆನಕ್ಷತ್ರಗಳು? ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುವುದೂ ಹುಸಿ ನಂಟೇನಾ?

ಚಿಕ್ಕಮ್ಮ: ಅದರಲ್ಲಿ ಎರಡು ಮಾತಿದೆ, ಕಲಸಬೇಡ. ಆರಿದ್ರೆ, ಪುನರ್ವಸು, ಪುಷ್ಯ ಅಂತ ಮಳೆಗೆ ಹೆಸರಿಡುವುದು ಪಂಚಾಂಗ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ, ಋತು ಅವನ ಜೊತೆ ತಿರುಗುತ್ತದೆ; ಯಾವಾಗ ಬಿತ್ತಬೇಕು ಅನ್ನುವುದಕ್ಕೆ ಅದು ಒಳ್ಳೆಯ ಕ್ಯಾಲೆಂಡರು. ಭರಣಿಯಲ್ಲಿ ಹನಿ ಬಿದ್ದರೆ ಇಡೀ ವರ್ಷ ಚೆನ್ನ ಅನ್ನುವುದು ಭವಿಷ್ಯವಾಣಿ. ಅದನ್ನು ತಾಲ್ಲೂಕಿನ ಮಳೆ ಲೆಕ್ಕ ಇಟ್ಟುಕೊಂಡು ಯಾರು ಬೇಕಾದರೂ ಪರೀಕ್ಷಿಸಬಹುದು. ಗಾದೆ ಅಂತ ರಿಯಾಯಿತಿ ಕೊಡಬೇಕಾಗಿಲ್ಲ, ಗಾದೆ ಅಂತ ತಳ್ಳಿಹಾಕಬೇಕಾಗಿಯೂ ಇಲ್ಲ. ನಕ್ಷತ್ರದ ಮಾತು ಬಂತಲ್ಲ, ಇದನ್ನೂ ಬರೆದುಕೋ. 1988ರಲ್ಲಿ 17,187 ಹೃದಯಾಘಾತದ ರೋಗಿಗಳ ಮೇಲೆ ಮಾಡಿದ ಆಸ್ಪಿರಿನ್ ಪ್ರಯೋಗದ ಫಲಿತಾಂಶ ಬಂತು. ಆಸ್ಪಿರಿನ್ ಜೀವ ಉಳಿಸುತ್ತದೆ ಅನ್ನುವುದರಲ್ಲಿ ಅನುಮಾನವೇ ಇರಲಿಲ್ಲ. ಆದರೆ ವಯಸ್ಸು, ಲಿಂಗ ಅಂತ ರೋಗಿಗಳನ್ನು ಗುಂಪುಗುಂಪಾಗಿ ಒಡೆದು ನೋಡುವ ಚಟ ಎಲ್ಲರಿಗೂ ಇದೆ. ಅದು ಎಷ್ಟು ಮೋಸ ಅಂತ ತೋರಿಸುವುದಕ್ಕೇ ಸಂಶೋಧಕರು ರಾಶಿಯ ಪ್ರಕಾರವೂ ಒಡೆದು ಅಚ್ಚು ಹಾಕಿದರು: ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್ನಿಂದ ಉಪಯೋಗವಿಲ್ಲ!

ಹುಡುಗ: ನಾನು ತುಲಾ ರಾಶಿ. ಸರಿ, ತಲೆಬರಹ ಸಿಕ್ಕಿತು: ‘ಜೊತೆಗೆ ನಡೆದ ಮಾತ್ರಕ್ಕೆ ಕಾರಣವಲ್ಲ’. ಯಾರಾದರೂ ಅಂಕಿಅಂಶ ತೋರಿಸಿದರೆ ಈ ಒಂದು ವಾಕ್ಯ ಎದುರಿಗೆ ಹಿಡಿದರೆ ಸಾಕು.

ಚಿಕ್ಕಮ್ಮ: ಸಾಕಾಗುವುದಿಲ್ಲ. ಅದೇ ವಾಕ್ಯ ಹಿಡಿದು ಎಷ್ಟು ಜನರನ್ನು ಸಾಯಿಸಿದ್ದಾರೆ ಗೊತ್ತಾ? ಲಂಡನ್ನಿನ ಆಸ್ಪತ್ರೆಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಬಂದ 649 ಗಂಡಸರಲ್ಲಿ ಹೊಗೆಸೊಪ್ಪು ಸೇದದವರು ಇಬ್ಬರೇ, ಬೇರೆ ಕಾಯಿಲೆಯ ಅಷ್ಟೇ ಗಂಡಸರಲ್ಲಿ 27 ಅಂತ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ 1950ರಲ್ಲಿ ಬರೆದರು. ಆಗ ಇದು ಬರೀ ಸಹಸಂಬಂಧ ಅಂದವನು ಯಾರೋ ದಾರಿಹೋಕನಲ್ಲ, ರೊನಾಲ್ಡ್ ಫಿಶರ್, ಇಪ್ಪತ್ತನೆಯ ಶತಮಾನದ ಸಂಖ್ಯಾಶಾಸ್ತ್ರವನ್ನೇ ಕಟ್ಟಿದವನು. ಸೇದುವ ಚಪಲವನ್ನೂ ಕ್ಯಾನ್ಸರನ್ನೂ ಒಂದೇ ವಂಶವಾಹಿ ತರುತ್ತಿರಬಹುದು ಅಂದ. ಕೊಕ್ಕರೆಗೆ ದೇಶದ ಅಳತೆ ಇದ್ದ ಹಾಗೆ, ಇಲ್ಲೂ ಒಂದು ಮೂರನೆಯದು.

ಹುಡುಗ: ತರ್ಕ ಸರಿಯಾಗಿಯೇ ಇದೆಯಲ್ಲ.

ಚಿಕ್ಕಮ್ಮ: ತರ್ಕ ಸರಿ, ಹಾಗೆ ಕೇಳಬೇಕಾದದ್ದೂ ಸರಿ. ಆದರೆ ಡಾಲ್ ಮತ್ತು ಹಿಲ್ ಅಲ್ಲಿಗೇ ನಿಲ್ಲಲಿಲ್ಲ. 1951ರಲ್ಲಿ ಬ್ರಿಟನ್ನಿನ ವೈದ್ಯರಿಗೆಲ್ಲ ಪತ್ರ ಬರೆದು, ನೀವು ಸೇದುತ್ತೀರಾ, ಎಷ್ಟು ಅಂತ ಕೇಳಿದರು. 40,000ಕ್ಕೂ ಹೆಚ್ಚು ಉತ್ತರ ಬಂದವು. ಉತ್ತರ ಬರೆದವರೆಲ್ಲ ಆಗ ಬದುಕಿದ್ದವರು. ಆಮೇಲೆ ಯಾರು ಯಾವ ಕಾಯಿಲೆಯಿಂದ ಸಾಯುತ್ತಾರೆ ಅಂತ ಕಾದರು. ಇನ್ನೂ ಬೀಳದ ಮಳೆ ಅಂದೆನಲ್ಲ, ಅದೇ ಪರೀಕ್ಷೆ. ಮೂರೇ ವರ್ಷದಲ್ಲಿ, 1954ಕ್ಕೆ, ಹೆಚ್ಚು ಸೇದುವವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಸಾವು ಹೆಚ್ಚು ಅಂತ ಕಾಣತೊಡಗಿತು. ಬಿಟ್ಟವರಲ್ಲಿ ಅಪಾಯ ಇಳಿಯುವುದೂ ಕಂಡಿತು. ವಂಶವಾಹಿಯೇ ಕಾರಣವಾಗಿದ್ದರೆ ಬಿಟ್ಟ ಮಾತ್ರಕ್ಕೆ ಅದು ಇಳಿಯುವುದು ಹೇಗೆ? ಫಿಶರ್ ಒಪ್ಪಲಿಲ್ಲ. ಅವನಿಗೆ ಪೈಪು ಸೇದುವ ಅಭ್ಯಾಸ, ತಂಬಾಕು ಕಂಪನಿಗಳ ಸಮಿತಿಗೆ ಸಲಹೆಗಾರನಾಗಿಯೂ ಇದ್ದ. 1962ರಲ್ಲಿ ತೀರಿಕೊಳ್ಳುವವರೆಗೂ ಒಪ್ಪಲಿಲ್ಲ.

ಹುಡುಗ: ಹಾಗಾದರೆ ನನ್ನ ಬರಹ ಹಗುರವಾಗಿ ಉಳಿಯುವುದಿಲ್ಲ.

ಚಿಕ್ಕಮ್ಮ: ಹಗುರವಾಗಿಯೇ ಬರಿ. ಆದರೆ ಡ್ಯಾರೆಲ್ ಹಫ್‌ಗೆ ನಾಲ್ಕು ಸಾಲು ಜಾಗ ಬಿಡು. 1954ರಲ್ಲಿ ಅಂಕಿಅಂಶಗಳಿಂದ ಹೇಗೆ ಸುಳ್ಳು ಹೇಳುತ್ತಾರೆ ಅಂತ ಅವನು ಬರೆದ ಪುಟ್ಟ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಗಿದೆ. ನಾನೂ ತರಗತಿಯಲ್ಲಿ ಓದಿಸಿದ್ದೇನೆ, ಒಳ್ಳೆಯ ಪುಸ್ತಕ. ನಿನ್ನ ಹಾಗೆಯೇ ನಗಿಸುತ್ತಾ ಹೇಳುವವನು. 1965ರಲ್ಲಿ ಸಿಗರೇಟು ಪೊಟ್ಟಣದ ಮೇಲೆ ಎಚ್ಚರಿಕೆ ಅಚ್ಚು ಹಾಕಿಸಬೇಕೇ ಅನ್ನುವ ವಿಚಾರಣೆ ಅಮೆರಿಕದ ಸಂಸತ್ತಿನಲ್ಲಿ ನಡೆಯುವಾಗ, ತಂಬಾಕು ಉದ್ಯಮದ ಪರವಾಗಿ ಅವನು ಸಾಕ್ಷ್ಯ ಹೇಳಲು ಬಂದ. ಕ್ಯಾನ್ಸರಿಗೂ ಸಿಗರೇಟಿಗೂ ಇರುವ ನಂಟನ್ನು ಅನುಮಾನಿಸಬೇಕು ಅನ್ನುವುದಕ್ಕೆ ಅವನು ಕೊಟ್ಟ ಉದಾಹರಣೆ ಕೊಕ್ಕರೆ ಮತ್ತು ಮಕ್ಕಳದು. ಧೂಮಪಾನದ ಅಂಕಿಅಂಶಗಳ ಸುಳ್ಳಿನ ಮೇಲೆ ಇನ್ನೊಂದು ಪುಸ್ತಕವನ್ನೂ ಆ ಉದ್ಯಮಕ್ಕಾಗಿ ಬರೆಯುತ್ತಿದ್ದ. ಅದು ಅಚ್ಚಾಗಲಿಲ್ಲ.